ಪ್ರಾಸ್ಟೇಟ್ ಕ್ಯಾನ್ಸರ್: ಯಾವ ಸ್ಕ್ಯಾನ್ ಯಾತಕ್ಕೆ?



ಕಳೆದ ಮಳೆಗಾಲದಲ್ಲಿ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿದ ಮೇಲೆ ಸದಸ್ಯೆಯೊಬ್ಬರು 25 ಸಾವಿರ ರೂಪಾಯಿ ತುರ್ತು ಸಾಲ ಬೇಕು ಅಂದರು. ಯಾತಕ್ಕೆ ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯವರಿಗೆ ಪೆಟ್ ಸ್ಕ್ಯಾನ್ ಮಾಡಿಸ್ಬೇಕು" ಅಂತ ಮೆಲ್ಲಗೆ ಹೇಳಿದರು. ಅವರ ಗಂಡನಿಗೆ 66 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಪಿ.ಎಸ್.ಎ. ಎಂಬುದು 9 ಎಂದು ಬಂದಿತ್ತು. ಸ್ಕ್ಯಾನ್ ಮಾಡಿಸಿ ಎಂದು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. "ದೊಡ್ಡ ಸ್ಕ್ಯಾನ್ ಮಾಡಿಸಿಬಿಡಿ, ಎಲ್ಲಾ ಒಂದೇ ಸಲಕ್ಕೆ ಗೊತ್ತಾಗುತ್ತೆ" ಅಂತ ಪಕ್ಕದ ಮನೆಯವರು ಹೇಳಿದ್ದರಂತೆ.

ಗಂಡಸರ ಕಾಯಿಲೆಯ ವಿಷಯ ಹೆಂಗಸರ ಸಂಘಕ್ಕೆ ಯಾಕೆ ಅಂತ ನಿಮಗೆ ಅನಿಸಬಹುದು. ಈ ಕಾಯಿಲೆಯನ್ನು ಗಂಡಸರು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಹೇಳಿದರೆ ಹೆಂಡತಿಗೆ, ಅದೂ ಮೂತ್ರ ಪೂರ್ತಿ ಕಟ್ಟಿದ ಮೇಲೆ. ಆಸ್ಪತ್ರೆಯ ಫೈಲು ಹಿಡಿದುಕೊಂಡು ಓಡಾಡುವವರು ನಾವು, ಸಂಘದಲ್ಲಿ ಸಾಲ ಎತ್ತುವವರೂ ನಾವೇ. ಹಾಗಾಗಿ ಯಾವ ಸ್ಕ್ಯಾನ್ ಏನು ತೋರಿಸುತ್ತದೆ, ಏನು ತೋರಿಸುವುದಿಲ್ಲ ಎನ್ನುವುದು ನಮಗೆ ಗೊತ್ತಿರಬೇಕು.

ಮೊದಲು ಈ ಗ್ರಂಥಿಯ ವಿಷಯ

ಪ್ರಾಸ್ಟೇಟ್ ಎನ್ನುವುದು ಗಂಡಸರಲ್ಲಿ ಮಾತ್ರ ಇರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುತ್ತದೆ. ಮೂತ್ರ ಹೊರಗೆ ಬರುವ ನಾಳ ಇದರ ನಡುವಿನಿಂದಲೇ ಹಾದುಹೋಗುತ್ತದೆ. ವಯಸ್ಸಾದ ಹಾಗೆ ಈ ಗ್ರಂಥಿ ಊದಿಕೊಳ್ಳುತ್ತದೆ, ನಾಳವನ್ನು ಒತ್ತುತ್ತದೆ. ಆಗ ಮೂತ್ರ ಸಣ್ಣಗೆ ಬರುವುದು, ತಡವಾಗಿ ಶುರುವಾಗುವುದು, ರಾತ್ರಿ ಪದೇ ಪದೇ ಏಳುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರಲ್ಲಿ ಇದು ಬರೀ ಊತ, ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಶುರುವಾಗುವಾಗ ಬಹಳ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ಇವೆರಡೂ ಒಬ್ಬರಲ್ಲೇ ಇರಲೂಬಹುದು. ಗೊಂದಲ ಶುರುವಾಗುವುದೇ ಇಲ್ಲಿಂದ.

ಪಿ.ಎಸ್.ಎ. ಎಂಬುದು ಈ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. 4ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮುಂದೆ ನೋಡಬೇಕು ಅನ್ನುತ್ತಾರೆ. ಆದರೆ ಊತ ಇದ್ದರೂ ಅದು ಏರುತ್ತದೆ, ಮೂತ್ರದಲ್ಲಿ ಸೋಂಕಿದ್ದರೂ ಏರುತ್ತದೆ, ಮೂತ್ರಕ್ಕೆ ನಳಿಕೆ ಹಾಕಿದ್ದರೂ ಏರುತ್ತದೆ. ಆದ್ದರಿಂದ ಒಂದು ಚೀಟಿಯಲ್ಲಿ 9 ಎಂದು ಬಂದ ಕೂಡಲೇ ಹೆದರುವುದು ಬೇಡ. ಸೋಂಕಿದ್ದರೆ ಅದಕ್ಕೆ ಔಷಧಿ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಡಾಕ್ಟರು ಬೆರಳಿನಿಂದ ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿಯೂ ನೋಡುತ್ತಾರೆ. ನಮ್ಮ ಗಂಡಸರು ಇದಕ್ಕೆ ಒಪ್ಪುವುದೇ ಕಷ್ಟ. ಒಂದೇ ನಿಮಿಷದ ಕೆಲಸ, ಗಟ್ಟಿ ಗಂಟೇನಾದರೂ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಒಪ್ಪಿಸುವ ಜವಾಬ್ದಾರಿ ನಿಮ್ಮದು!

ಇಷ್ಟಾದ ಮೇಲೂ ಸಂಶಯ ಉಳಿದರೆ ಆಗ ಸ್ಕ್ಯಾನ್. ಇಲ್ಲಿ ಡಾಕ್ಟರಿಗೆ ಮೂರು ಪ್ರಶ್ನೆಗಳು ಇರುತ್ತವೆ. ಗ್ರಂಥಿಯೊಳಗೆ ಸಂಶಯದ ಜಾಗ ಇದೆಯೇ, ಎಲ್ಲಿದೆ? ಅದು ನಿಜವಾಗಿ ಕ್ಯಾನ್ಸರೇ? ಕ್ಯಾನ್ಸರ್ ಆಗಿದ್ದರೆ ಗ್ರಂಥಿಯಿಂದ ಹೊರಗೆ ಹೋಗಿದೆಯೇ? ಒಂದೊಂದು ಸ್ಕ್ಯಾನ್ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಮಧ್ಯದ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ಯಾವ ಸ್ಕ್ಯಾನೂ ಖಚಿತ ಉತ್ತರ ಕೊಡುವುದಿಲ್ಲ. ಅದಕ್ಕೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯೇ ಆಗಬೇಕು.

ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್

ನಮಗೆಲ್ಲ ಪರಿಚಯ ಇರುವುದು ಇದೇ, ಬಸುರಿಯಾಗಿದ್ದಾಗ ಮಾಡಿಸಿಕೊಂಡ ಅಲ್ಟ್ರಾಸೌಂಡ್. ಖರ್ಚು ಕಡಿಮೆ, ವಿಕಿರಣ ಇಲ್ಲ. ಗ್ರಂಥಿ ಎಷ್ಟು ದೊಡ್ಡದಾಗಿದೆ, ಮೂತ್ರ ಹೊಯ್ದ ಮೇಲೂ ಎಷ್ಟು ಒಳಗೆ ಉಳಿಯುತ್ತದೆ, ಕಿಡ್ನಿ ಊದಿದೆಯೇ ಎಂಬುದನ್ನೆಲ್ಲ ಚೆನ್ನಾಗಿ ಹೇಳುತ್ತದೆ. ಆದರೆ ಹಲಸಿನಹಣ್ಣನ್ನು ಹೊರಗಿನಿಂದ ನೋಡಿ ಎಷ್ಟು ತೂಕ ಇದ್ದೀತು ಅಂತ ಹೇಳಬಹುದೇ ಹೊರತು, ಒಳಗೆ ಒಂದು ತೊಳೆ ಕೆಟ್ಟಿದೆ ಅಂತ ಹೇಳಲಾಗುವುದಿಲ್ಲ. ಇದೂ ಹಾಗೆಯೇ. "ಸ್ಕ್ಯಾನಿಂಗಲ್ಲಿ ಗ್ರಂಥಿ ದೊಡ್ಡದಾಗಿದೆ ಅಂತ ಮಾತ್ರ ಬಂತು, ಕ್ಯಾನ್ಸರ್ ಇಲ್ಲ" ಎಂದು ಸಮಾಧಾನ ಪಟ್ಟುಕೊಂಡು ಕೂರಬಾರದು.

ಇನ್ನೊಂದು ಬಗೆಯಲ್ಲಿ ಬೆರಳು ಗಾತ್ರದ ಉಪಕರಣವನ್ನು ಗುದದ್ವಾರದ ಮೂಲಕ ಇಟ್ಟು ಹತ್ತಿರದಿಂದ ನೋಡುತ್ತಾರೆ. ಜಪಾನಿನ ಹಿರೋಕಿ ವತನಾಬೆ ಎಂಬ ವೈದ್ಯರು 1970ರ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. ಚಿತ್ರ ಮೊದಲಿನದಕ್ಕಿಂತ ಸ್ಪಷ್ಟ. ಆದರೂ ಎಷ್ಟೋ ಕ್ಯಾನ್ಸರ್ ಗಂಟುಗಳು ಸುತ್ತಲಿನ ಒಳ್ಳೆಯ ಭಾಗದ ಹಾಗೆಯೇ ಕಾಣಿಸುತ್ತವೆ. ಆದುದರಿಂದ ಇದರ ದೊಡ್ಡ ಉಪಯೋಗ ಸೂಜಿ ಎಲ್ಲಿ ಹೋಗುತ್ತಿದೆ ಎಂದು ನೋಡುವುದಕ್ಕೆ.

ಬಹಳ ವರ್ಷ ನಡೆದದ್ದು ಹೀಗೆ: ಪಿ.ಎಸ್.ಎ. ಹೆಚ್ಚಿದೆಯೇ, ಈ ಅಲ್ಟ್ರಾಸೌಂಡ್ ಇಟ್ಟುಕೊಂಡು ಗ್ರಂಥಿಯ ಬೇರೆ ಬೇರೆ ಭಾಗಗಳಿಂದ ಹತ್ತು ಹನ್ನೆರಡು ಚೂರು ತೆಗೆಯುವುದು. ಅಂಗಡಿಯವರು ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುತ್ತಾರಲ್ಲ, ಅದೇ ರೀತಿ. ಚುಚ್ಚಿದ ಜಾಗದಲ್ಲಿ ಅಕ್ಕಿ ಚೆನ್ನಾಗಿದ್ದು, ಮೂಟೆಯ ಒಂದು ಮೂಲೆಯಲ್ಲಿ ಹುಳ ಹಿಡಿದಿದ್ದರೆ? ತಪ್ಪಿಹೋಗುತ್ತದೆ.

ಎಂ.ಆರ್.ಐ. ಬಂದ ಮೇಲೆ ಏನು ಬದಲಾಯಿತು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಹಣ, ನಿಮ್ಮವರ ನೋವು ಎರಡೂ ಉಳಿಯುವ ಜಾಗ ಇದು.

ಎಂ.ಆರ್.ಐ. ಯಂತ್ರ ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ವಿಕಿರಣ ಇಲ್ಲ. ಇದು ಗ್ರಂಥಿಯ ಒಳಗನ್ನು ಪದರ ಪದರವಾಗಿ ತೋರಿಸುತ್ತದೆ. ಜೀವಕೋಶಗಳು ಒತ್ತೊತ್ತಾಗಿ ಇರುವ ಕಡೆ ನೀರಿನ ಅಂಶ ಸಲೀಸಾಗಿ ಓಡಾಡುವುದಿಲ್ಲ, ಆ ಜಾಗವನ್ನೂ ಇದು ಗುರುತಿಸುತ್ತದೆ. ಕ್ಯಾನ್ಸರ್ ಗಂಟಿನಲ್ಲಿ ಜೀವಕೋಶಗಳು ಹಾಗೆ ಒತ್ತೊತ್ತಾಗಿ ಇರುತ್ತವೆ. ನೋಡಿದ ಡಾಕ್ಟರು ಸಂಶಯಕ್ಕೆ ತಕ್ಕ ಹಾಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ರಿಪೋರ್ಟಿನಲ್ಲಿ ಪೈರಾಡ್ಸ್ ಎಂದು ಬರೆದಿರುತ್ತದೆ. 1 ಅಥವಾ 2 ಇದ್ದರೆ ಸಂಶಯ ಕಡಿಮೆ, 4 ಅಥವಾ 5 ಇದ್ದರೆ ಹೆಚ್ಚು, 3 ಎಂದರೆ ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ. ನೆನಪಿಡಿ, ಇದು ಸಂಶಯದ ಅಂಕ. ಕ್ಯಾನ್ಸರಿನ ಹಂತ ಅಲ್ಲ. "ಐದು ಬಂದಿದೆ, ಐದನೇ ಸ್ಟೇಜಂತೆ" ಅಂತ ಅತ್ತುಕೊಂಡು ಬಂದವರನ್ನು ನಾವು ನೋಡಿದ್ದೇವೆ.

ಬ್ರಿಟನ್ನಿನಲ್ಲಿ 576 ಗಂಡಸರಿಗೆ ಎಂ.ಆರ್.ಐ. ಮತ್ತು ಹಳೆಯ ರೀತಿಯ ಬಯಾಪ್ಸಿ ಎರಡನ್ನೂ ಮಾಡಿ, ಯಾವುದು ಸರಿ ಎಂದು ತಿಳಿಯಲು ಗ್ರಂಥಿಯ ಉದ್ದಗಲಕ್ಕೂ ಒತ್ತೊತ್ತಾಗಿ ಚೂರು ತೆಗೆದು ನೋಡಿದರು. ಪ್ರಾಮಿಸ್ ಎಂಬ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಪಾಯಕಾರಿ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 93 ಜನರನ್ನು ಎಂ.ಆರ್.ಐ. ಗುರುತಿಸಿತ್ತು. ಹಳೆಯ ರೀತಿಯ ಬಯಾಪ್ಸಿ ಗುರುತಿಸಿದ್ದು 48 ಜನರನ್ನು ಮಾತ್ರ. ಅಂದರೆ ಅರ್ಧಕ್ಕರ್ಧ ತಪ್ಪಿಹೋಗಿತ್ತು! ಮರು ವರ್ಷ, 2018ರಲ್ಲಿ, 500 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು. ಮೊದಲು ಎಂ.ಆರ್.ಐ. ಮಾಡಿ, ಸಂಶಯದ ಜಾಗಕ್ಕೇ ಸೂಜಿ ಹಾಕಿದಾಗ ನೂರಕ್ಕೆ 38 ಜನರಲ್ಲಿ ಅಪಾಯಕಾರಿ ಕ್ಯಾನ್ಸರ್ ಸಿಕ್ಕಿತು. ಹಳೆಯ ರೀತಿಯಲ್ಲಿ 26. ಎಂ.ಆರ್.ಐ.ಯಲ್ಲಿ ಸಂಶಯ ಇಲ್ಲದ ಎಷ್ಟೋ ಜನರಿಗೆ ಸೂಜಿಯ ನೋವೂ ತಪ್ಪಿತು.

ಆದರೆ ಇದಕ್ಕೂ ಒಂದು ದೋಷ ಇದೆ. ಎಂ.ಆರ್.ಐ. ಸಂಶಯ ಪಡುವುದು ಸ್ವಲ್ಪ ಜಾಸ್ತಿ. ಅದೇ ಬ್ರಿಟನ್ನಿನ ಅಧ್ಯಯನದಲ್ಲಿ ಅಪಾಯಕಾರಿ ಕ್ಯಾನ್ಸರ್ ಇಲ್ಲದವರಲ್ಲಿ ನೂರಕ್ಕೆ 41 ಜನರಿಗೆ ಮಾತ್ರ ಅದು "ಪರವಾಗಿಲ್ಲ" ಎಂದಿತ್ತು. ಉಳಿದವರಿಗೆ ಸುಮ್ಮನೆ ಸಂಶಯ. ಹಳೆಯ ಸೋಂಕಿನ ಗುರುತು, ಊತದ ಗಂಟು ಇವೂ ಕ್ಯಾನ್ಸರ್ ಹಾಗೆ ಕಾಣಿಸಬಹುದು. ಆದ್ದರಿಂದಲೇ ಬಯಾಪ್ಸಿ ಆಗದೆ ಕ್ಯಾನ್ಸರ್ ಎಂದು ಊರಿಗೆಲ್ಲ ಹೇಳಿಕೊಂಡು ಬರಬಾರದು. ಇನ್ನೊಂದು ಕಡೆ, ಎಂ.ಆರ್.ಐ. ಚೆನ್ನಾಗಿದೆ ಅಂದವರಲ್ಲೂ ಕೆಲವರಲ್ಲಿ ಕಾಯಿಲೆ ತಪ್ಪಿಹೋಗುತ್ತದೆ. ಪಿ.ಎಸ್.ಎ. ನೋಡಿಕೊಳ್ಳುತ್ತಾ ಇರಬೇಕು.

ಇದರಲ್ಲಿ ಸರದಿ ಮುಖ್ಯ. ಎಂ.ಆರ್.ಐ. ಮೊದಲು, ಬಯಾಪ್ಸಿ ಆಮೇಲೆ. ಬಯಾಪ್ಸಿ ಆದ ಮೇಲೆ ಗ್ರಂಥಿಯೊಳಗೆ ರಕ್ತ ನಿಂತಿರುತ್ತದೆ, ಅದರ ಕಲೆ ಚಿತ್ರವನ್ನು ಕೆಡಿಸುತ್ತದೆ. ಆಗ ಆರೆಂಟು ವಾರ ಕಾಯಬೇಕಾಗುತ್ತದೆ. ಆದುದರಿಂದ ನೇರವಾಗಿ ಬಯಾಪ್ಸಿಗೆ ದಿನ ಕೊಟ್ಟರೆ, "ಸರ್, ಮೊದಲು ಎಂ.ಆರ್.ಐ. ಬೇಡ್ವಾ?" ಎಂದು ಕೇಳಿ. ಗ್ರಂಥಿ ಪೂರ್ತಿ ಗಟ್ಟಿಯಾಗಿದ್ದು ಪಿ.ಎಸ್.ಎ. ನೂರು, ಇನ್ನೂರು ಇರುವವರಿಗೆ ಬೇಡ ಅನ್ನಬಹುದು, ಅದು ಸರಿಯೇ. ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಒಳ್ಳೆಯ ಸುದ್ದಿ. ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಎಂ.ಆರ್.ಐ., ಕೊಡದೆ ಮಾಡುವ ಎಂ.ಆರ್.ಐ. ಎರಡನ್ನೂ ಹೋಲಿಸಿದ ಪ್ರೈಮ್ ಎಂಬ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಎರಡರಲ್ಲೂ ನೂರಕ್ಕೆ 29ರಷ್ಟು ಜನರಲ್ಲಿ ಅಪಾಯಕಾರಿ ಕ್ಯಾನ್ಸರ್ ಸಿಕ್ಕಿತು. ಚಿತ್ರ ಸ್ಪಷ್ಟವಾಗಿ ಬರುವ ಒಳ್ಳೆಯ ಯಂತ್ರ ಇದ್ದರೆ ಆ ಇಂಜೆಕ್ಷನ್ ಇಲ್ಲದೆಯೂ ನಡೆಯುತ್ತದೆ. ಖರ್ಚು ಕಡಿಮೆ, ಸಮಯ ಕಡಿಮೆ. ಕಿಡ್ನಿ ತೊಂದರೆ ಇರುವವರಿಗಂತೂ ಇದು ದೊಡ್ಡ ಅನುಕೂಲ.

ಯಂತ್ರದೊಳಗೆ ಅರ್ಧ ಗಂಟೆ ಅಲುಗಾಡದೆ ಮಲಗಿರಬೇಕು. ಟಕ ಟಕ ಎಂದು ದೊಡ್ಡ ಶಬ್ದ ಬರುತ್ತದೆ, ಹೆದರಬಾರದು ಎಂದು ಮೊದಲೇ ಹೇಳಿಡಿ. ಬೆಳ್ಳಿ ಉಡಿದಾರ, ತಾಯಿತ, ಕೊರಳಿನ ಸರ, ಪದಕ ಎಲ್ಲ ಮನೆಯಲ್ಲೇ ತೆಗೆದಿಟ್ಟು ಹೋಗಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ಮೈಯಲ್ಲಿ ರಾಡು ಅಥವಾ ಲೋಹದ ಚೂರು ಏನಾದರೂ ಇದ್ದರೆ ತಪ್ಪದೆ ತಿಳಿಸಬೇಕು.

ಹೊರಗೆ ಹೋಗಿದೆಯೇ?

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದ ಮೇಲೆಯೇ ಈ ಪ್ರಶ್ನೆ. ಅದೂ ಎಲ್ಲರಿಗೂ ಅಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಗ್ಲೀಸನ್ ಎಂಬ ಅಂಕ ಇರುತ್ತದೆ, 6 ಎಂದರೆ ಸಾಧು ಸ್ವಭಾವದ್ದು, 8ರಿಂದ 10 ಎಂದರೆ ಉಗ್ರ. ಅಂಕ 6, ಪಿ.ಎಸ್.ಎ. 10ಕ್ಕಿಂತ ಕಡಿಮೆ, ಗಂಟು ಚಿಕ್ಕದು ಎಂದಾದರೆ ಅದು ಹೊರಗೆ ಹರಡಿರುವ ಸಂಭವ ತೀರಾ ಕಡಿಮೆ. ಅಂಥವರಿಗೆ ಬೋನ್ ಸ್ಕ್ಯಾನೂ ಬೇಡ, ಪೆಟ್ ಸ್ಕ್ಯಾನೂ ಬೇಡ. ಎಷ್ಟೋ ಜನರಿಗೆ ಕೂಡಲೇ ಆಪರೇಷನ್ ಸಹ ಬೇಡ, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಂಡು ನಿಗಾ ಇಟ್ಟರೆ ಸಾಕಾಗುತ್ತದೆ.

ಉಗ್ರ ಸ್ವಭಾವದ್ದಾಗಿದ್ದರೆ ನೋಡಲೇಬೇಕು. ಈ ಕ್ಯಾನ್ಸರ್ ಹೆಚ್ಚಾಗಿ ಹೋಗುವುದು ಹತ್ತಿರದ ಲಿಂಫ್ ಗಂಟುಗಳಿಗೆ ಮತ್ತು ಎಲುಬಿಗೆ, ಅದರಲ್ಲೂ ಬೆನ್ನುಮೂಳೆ, ಸೊಂಟದ ಮೂಳೆಗೆ. ಹಿಂದಿನಿಂದ ಇದಕ್ಕೆ ಸಿ.ಟಿ. ಸ್ಕ್ಯಾನ್ ಮತ್ತು ಬೋನ್ ಸ್ಕ್ಯಾನ್ ಎರಡನ್ನೂ ಮಾಡುತ್ತಿದ್ದಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ ಒಳಗಿನ ಗಂಟು ಸರಿಯಾಗಿ ಕಾಣುವುದಿಲ್ಲ. ಲಿಂಫ್ ಗಂಟು ದಪ್ಪವಾಗಿದೆಯೇ ಎಂದು ಮಾತ್ರ ನೋಡುತ್ತದೆ. ದಪ್ಪವಾಗದ ಗಂಟಿನಲ್ಲಿ ಕ್ಯಾನ್ಸರ್ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಬೋನ್ ಸ್ಕ್ಯಾನಿಗೆ ಟೆಕ್ನೀಷಿಯಂ ಎಂಬ ಸ್ವಲ್ಪ ವಿಕಿರಣ ಇರುವ ಮದ್ದನ್ನು ಕೈಗೆ ಚುಚ್ಚಿ, ಎರಡು ಮೂರು ಗಂಟೆ ಕೂರಿಸಿ, ಆಮೇಲೆ ಇಡೀ ಅಸ್ಥಿಪಂಜರದ ಚಿತ್ರ ತೆಗೆಯುತ್ತಾರೆ. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಬೋನ್ ಸ್ಕ್ಯಾನ್ ಕ್ಯಾನ್ಸರನ್ನೇ ನೋಡುವುದಿಲ್ಲ. ಎಲುಬು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿರುವ ಜಾಗವನ್ನು ಅದು ತೋರಿಸುತ್ತದೆ. ಮರದಿಂದ ಬಿದ್ದ ಹಳೇ ಪೆಟ್ಟು, ಮೂಟೆ ಹೊತ್ತು ಸವೆದ ಬೆನ್ನು, ಮೊಣಕಾಲಿನ ವಾತ ಇವೆಲ್ಲವೂ ಅದರಲ್ಲಿ ಕಪ್ಪಾಗಿ ಕಾಣಿಸುತ್ತವೆ. ಕೂಲಿ ಮಾಡಿದ ಮೈಯಲ್ಲಿ ಇಂಥ ಗುರುತು ಇಲ್ಲದವರು ಯಾರಿದ್ದಾರೆ? ಹಾಗಾಗಿ ಹಳೇ ಪೆಟ್ಟುಗಳ ವಿಷಯವನ್ನು ಡಾಕ್ಟರಿಗೆ ಮುಂಚಿತವಾಗಿ ಹೇಳಿ.

ಈಗ ಬಂದಿರುವುದು ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್. ಪಿ.ಎಸ್.ಎ. ರಕ್ತ ಪರೀಕ್ಷೆ ಬೇರೆ, ಇದು ಬೇರೆ. ಹೆಸರು ಹತ್ತಿರ ಇರುವುದರಿಂದ ಚೀಟಿ ಸರಿಯಾಗಿ ಓದಿಸಿಕೊಳ್ಳಿ. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳ ಮೈಮೇಲೆ ಪಿ.ಎಸ್.ಎಂ.ಎ. ಎಂಬ ಪ್ರೋಟೀನ್ ಬಹಳ ಇರುತ್ತದೆ. ಅದಕ್ಕೇ ಹೋಗಿ ಅಂಟಿಕೊಳ್ಳುವ ಮದ್ದಿಗೆ ವಿಕಿರಣದ ಗುರುತು ಸೇರಿಸಿ ಇಂಜೆಕ್ಷನ್ ಕೊಡುತ್ತಾರೆ. ಸುಮಾರು ಒಂದು ಗಂಟೆಯ ನಂತರ ಚಿತ್ರ ತೆಗೆದರೆ ಕ್ಯಾನ್ಸರ್ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಉಗ್ರ ಸ್ವಭಾವದ ಕ್ಯಾನ್ಸರ್ ಇದ್ದ 302 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹರಡಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಈ ಪೆಟ್ ಸ್ಕ್ಯಾನ್ ನೂರಕ್ಕೆ 92ರಷ್ಟು ಸರಿ, ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಎರಡೂ ಸೇರಿ 65ರಷ್ಟು. ಮೈಗೆ ತಗಲುವ ವಿಕಿರಣವೂ ಅವೆರಡಕ್ಕಿಂತ ಅರ್ಧಕ್ಕೂ ಕಡಿಮೆ. ಆಪರೇಷನ್ ಆದ ಮೇಲೆ ಪಿ.ಎಸ್.ಎ. ಸೊನ್ನೆಯ ಹತ್ತಿರ ಇಳಿದು, ಕೆಲವು ವರ್ಷಗಳ ನಂತರ ಮತ್ತೆ ಏರತೊಡಗಿದರೆ, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ.

ಇಷ್ಟು ಒಳ್ಳೆಯದಾದರೆ ಎಲ್ಲರಿಗೂ ಇದನ್ನೇ ಮಾಡಿಸಬಹುದಲ್ಲ? ಎಲ್ಲರಿಗೂ ಅದರಿಂದ ಲಾಭ ಇಲ್ಲ. ಕೆಲವರ ಕ್ಯಾನ್ಸರಿನಲ್ಲಿ ಈ ಪ್ರೋಟೀನ್ ಇರುವುದೇ ಇಲ್ಲ, ಅಂಥವರಲ್ಲಿ ದೀಪ ಹತ್ತುವುದಿಲ್ಲ. ತೀರಾ ಚಿಕ್ಕ ಚುಕ್ಕೆಗಳು ಕಾಣುವುದಿಲ್ಲ. ಜೊಲ್ಲಿನ ಗ್ರಂಥಿ, ಕಿಡ್ನಿ ಇವು ಎಲ್ಲರಲ್ಲೂ ಹೊಳೆಯುತ್ತವೆ, ಅದು ಕಾಯಿಲೆಯಲ್ಲ. ಖರ್ಚಿನಲ್ಲಿ ಈ ಎಲ್ಲ ಪರೀಕ್ಷೆಗಳಿಗಿಂತ ಮೇಲೆ. ಹೆಚ್ಚು ಚುಕ್ಕೆ ಕಂಡುಹಿಡಿದ ಮಾತ್ರಕ್ಕೆ ರೋಗಿ ಹೆಚ್ಚು ವರ್ಷ ಬದುಕುತ್ತಾರೆ ಎನ್ನುವುದು ಇನ್ನೂ ಸಾಬೀತಾಗಬೇಕಷ್ಟೆ. ನಮ್ಮ ಅಭಿಪ್ರಾಯದಲ್ಲಿ, ಬಯಾಪ್ಸಿ ಆಗುವ ಮೊದಲೇ ಸಂಘದ ಸಾಲ ತೆಗೆದು ಈ ಸ್ಕ್ಯಾನ್ ಮಾಡಿಸುವುದು ಹೆಣ್ಣು ನೋಡುವ ಮೊದಲೇ ಮದುವೆ ಛತ್ರ ಹಿಡಿದ ಹಾಗೆ.

ಇನ್ನೊಂದು ಎಚ್ಚರ. ಪೆಟ್ ಸ್ಕ್ಯಾನಿನಲ್ಲೂ ಬಗೆಗಳಿವೆ. ಬೇರೆ ಎಷ್ಟೋ ಕ್ಯಾನ್ಸರುಗಳಿಗೆ ಸಕ್ಕರೆಯ ಅಂಶ ಇರುವ ಮದ್ದು ಕೊಟ್ಟು ಮಾಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ಸಕ್ಕರೆ ಹೆಚ್ಚು ತಿನ್ನುವುದಿಲ್ಲ, ಆದ್ದರಿಂದ ಆ ಪೆಟ್ ಇದಕ್ಕೆ ಅಷ್ಟಾಗಿ ಆಗಿಬರುವುದಿಲ್ಲ. "ಪೆಟ್" ಎಂದು ಬರೆದಿದ್ದರೆ ಯಾವ ಪೆಟ್ ಎಂದು ಕೇಳಿಯೇ ದಿನ ಗೊತ್ತು ಮಾಡಿಕೊಳ್ಳಿ.

ಈ ಮದ್ದು ಕಾಯುವುದೂ ಇಲ್ಲ. ಅದರಲ್ಲಿ ಬಳಸುವ ಗ್ಯಾಲಿಯಂ 68 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ಬಸ್ ತಪ್ಪಿತು ಎಂದು ಎರಡು ಗಂಟೆ ತಡವಾಗಿ ಹೋದರೆ ಮೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ದೂರದ ಊರಿನವರು ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳುವುದು ಮೇಲು. ಸ್ಕ್ಯಾನ್ ಆದ ದಿನ ಚೆನ್ನಾಗಿ ನೀರು ಕುಡಿಸಿ. ಆ ದಿನ ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡ. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ಸ್ವಲ್ಪ ದೂರ ಇರಲಿ.

ಒಂದು ಪರಿಸ್ಥಿತಿಯಲ್ಲಿ ಮಾತ್ರ ಸಾಲದ ಲೆಕ್ಕ, ಸರದಿಯ ಲೆಕ್ಕ ಯಾವುದೂ ನೋಡಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಬೆನ್ನು ನೋವು ಜೋರಾಗಿ, ಕಾಲಿನ ಬಲ ಕುಂದಿದರೆ, ಕಾಲು ಜೋಮು ಹಿಡಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅದು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ ಇರಬಹುದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಿ ಬೆನ್ನಿನ ಎಂ.ಆರ್.ಐ. ಆಗಬೇಕು. ಮರುದಿನ ನೋಡೋಣ, ಎಣ್ಣೆ ತಿಕ್ಕೋಣ ಎಂದು ಕೂತರೆ ಕಾಲು ಮತ್ತೆ ಬರದೇ ಹೋಗಬಹುದು.

ಹಣದ ವಿಷಯ

ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಆದರೆ ಸ್ಕ್ಯಾನಿನ ಖರ್ಚು ಅದರಲ್ಲಿ ಸೇರುತ್ತದೋ, ಹೊರಗಿನಿಂದ ಕಟ್ಟಬೇಕೋ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಹತ್ತಿರ ಮೊದಲೇ ಕೇಳಿ. ಹೊರಗೆ ಮಾಡಿಸಿಕೊಂಡು ಬಂದು ಆಮೇಲೆ ಬಿಲ್ಲು ತೋರಿಸಿದರೆ ಪ್ರಯೋಜನ ಆಗುತ್ತದೆಂದು ಎಣಿಸಬೇಡಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ರೇಷನ್ ಕಾರ್ಡ್, ಆಧಾರ್, ರೆಫರಲ್ ಚೀಟಿ ಮೂರನ್ನೂ ಜೊತೆಗೆ ಇಟ್ಟುಕೊಳ್ಳಿ.

ಡಾಕ್ಟರು ಯಾವುದೇ ಸ್ಕ್ಯಾನ್ ಬರೆದಾಗ, "ಇದರಿಂದ ಏನು ಗೊತ್ತಾಗುತ್ತೆ ಸರ್? ಇದರಲ್ಲಿ ಬಂದ ಉತ್ತರದಿಂದ ಚಿಕಿತ್ಸೆ ಬದಲಾಗುತ್ತಾ?" ಎಂದು ಕೇಳುವ ಹಕ್ಕು ನಿಮಗಿದೆ. ಸಮಾಧಾನವಾಗಿ ಕೇಳಿದರೆ ಒಳ್ಳೆಯ ಡಾಕ್ಟರು ಖಂಡಿತ ಹೇಳುತ್ತಾರೆ.

ಮೊದಲು ಹೇಳಿದ ಸಹೋದರಿಯ ಸಂಗತಿ. ಸಂಘದವರು ಅಂದು ಸಾಲ ಕೊಡಲಿಲ್ಲ. ಒಬ್ಬ ಸದಸ್ಯೆ ಜೊತೆಗೆ ಹೋಗಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿದರು. ಮೂತ್ರದಲ್ಲಿ ಸೋಂಕಿತ್ತು. ಔಷಧಿಯ ನಂತರ ಪಿ.ಎಸ್.ಎ. ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಎಂ.ಆರ್.ಐ.ನಲ್ಲಿ ಒಂದು ಕಡೆ ಸಂಶಯದ ಜಾಗ ಕಂಡಿತು, ಅಂಕ 4. ಆ ಜಾಗದಿಂದ ಚೂರು ತೆಗೆದಾಗ ಕ್ಯಾನ್ಸರ್ ಎಂದೇ ಬಂತು, ಗ್ಲೀಸನ್ 6. ಬೋನ್ ಸ್ಕ್ಯಾನ್ ಬೇಡ, ಪೆಟ್ ಬೇಡ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಸಾಲ ತೆಗೆದದ್ದು ಎಂ.ಆರ್.ಐ. ಮತ್ತು ಓಡಾಟಕ್ಕೆ ಮಾತ್ರ, ಅದರಲ್ಲಿ ಮೂರು ಕಂತು ಬಾಕಿ ಇದೆ. ರಿಪೋರ್ಟು, ಫಿಲ್ಮು, ಸಿ.ಡಿ. ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇಟ್ಟಿದ್ದಾರೆ. ಮುಂದಿನ ಸಲ ಎಂ.ಆರ್.ಐ. ಮಾಡಿದಾಗ ಹಳೆಯದರ ಜೊತೆ ಹೋಲಿಸಿ ನೋಡಬೇಕಲ್ಲ, ಅದಕ್ಕೆ.